ಯಂತ್ರ ‘ಏನಿಲ್ಲ’ ಎಂದರೆ ಮುಗಿಯಿತೇ?

ಇಳಕಲ್‌ನಲ್ಲಿ ಸೀರೆ ನೇಯುವ ನಮ್ಮ ಚಿಗವ್ವನ ಎದೆಯಲ್ಲಿ ಕಳೆದ ವರ್ಷ ಗಂಟು ಕಾಣಿಸಿಕೊಂಡಿತು. ಬಾಗಲಕೋಟೆಗೆ ಕರೆತಂದು ಮ್ಯಾಮೊಗ್ರಾಮ್ ಮಾಡಿಸಿದೆವು. ವರದಿಯಲ್ಲಿ ಏನೂ ಇರಲಿಲ್ಲ. ‘ಮಷೀನೇ ಏನಿಲ್ಲ ಅಂದೈತಿ, ಮತ್ತ್ಯಾಕ ಖರ್ಚು?’ ಎಂದು ಚಿಗವ್ವ ಊರಿಗೆ ಹೊರಟು ನಿಂತಳು. ಡಾಕ್ಟರು ಬಿಡಲಿಲ್ಲ. ‘ಕೈಗೆ ಗಂಟು ಸಿಗಾಕತ್ತೈತಿ’ ಎಂದು ಅಲ್ಟ್ರಾಸೌಂಡ್, ಬಯಾಪ್ಸಿ ಮಾಡಿಸಿದರು. ಕ್ಯಾನ್ಸರ್ ಇತ್ತು, ಪುಣ್ಯಕ್ಕೆ ಆರಂಭದ ಹಂತ. ಚಿಕಿತ್ಸೆ ಮುಗಿಸಿ ಅವಳೀಗ ಮಗ್ಗಕ್ಕೆ ಮರಳಿದ್ದಾಳೆ.

ಎಂಜಿನಿಯರಿಂಗ್ ಓದುವ ನನಗೆ ಯಂತ್ರ ಹೇಗೆ ತಪ್ಪಿತು ಎಂಬ ಪ್ರಶ್ನೆ ಕಾಡಿತು. ಉತ್ತರ ಸರಳ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಾಗಿ, ಗಡ್ಡೆ ಬೆಳ್ಳಗೆ ಕಾಣುತ್ತದೆ. ಆದರೆ ಸ್ತನದ ದಟ್ಟ ಅಂಗಾಂಶವೂ ಬೆಳ್ಳಗೇ ಕಾಣುತ್ತದೆ. ಹತ್ತಿಯ ರಾಶಿಯಲ್ಲಿ ಬಿಳಿ ದಾರದ ಉಂಡೆ ಹುಡುಕಿದಂತೆ! ಕಡಿಮೆ ವಯಸ್ಸಿನವರಲ್ಲಿ ಈ ದಟ್ಟತೆ ಹೆಚ್ಚು.

ತಂತ್ರಜ್ಞಾನ ಸುಧಾರಿಸುತ್ತಿರುವುದು ನಿಜ. ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 49,500 ಮಹಿಳೆಯರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2005ರಲ್ಲಿ ಬಂತು. ಒಟ್ಟಾರೆಯಾಗಿ ಫಿಲ್ಮ್, ಡಿಜಿಟಲ್ ಎರಡೂ ಸಮ. ಆದರೆ 50ರೊಳಗಿನವರಲ್ಲಿ, ದಟ್ಟ ಅಂಗಾಂಶವಿದ್ದವರಲ್ಲಿ ಡಿಜಿಟಲ್ ಮೇಲು. ಈಗ ಕೃತಕ ಬುದ್ಧಿಮತ್ತೆಯ ಸರದಿ. ಸ್ವೀಡನ್‌ನಲ್ಲಿ 80 ಸಾವಿರಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಪ್ರಯೋಗದ 2023ರ ವರದಿಯಂತೆ, ಎಐ ನೆರವಿನಿಂದ ಸಾವಿರಕ್ಕೆ 6 ಕ್ಯಾನ್ಸರ್ ಪತ್ತೆಯಾದವು, ಅದಿಲ್ಲದೆ 5. ವೈದ್ಯರು ಚಿತ್ರ ಓದುವ ಹೊರೆ ಶೇ 44ರಷ್ಟು ಇಳಿಯಿತು.

ಆದರೆ ಅದೇ ವರ್ಷ ಜರ್ಮನಿಯಿಂದ ಎಚ್ಚರಿಕೆಯೂ ಬಂತು. 27 ರೇಡಿಯಾಲಜಿಸ್ಟ್‌ಗಳಿಗೆ ‘ಇದು ಎಐ ಸಲಹೆ’ ಎಂದು ಹೇಳಿ, ಕೆಲವು ಚಿತ್ರಗಳಿಗೆ ಬೇಕೆಂದೇ ತಪ್ಪು ಸಲಹೆ ಕೊಡಲಾಯಿತು. ಅನುಭವ ಕಡಿಮೆಯಿದ್ದವರ ನಿಖರತೆ ಸುಮಾರು ಶೇ 80ರಿಂದ 20ಕ್ಕೆ ಕುಸಿಯಿತು. ಬಹಳ ಅನುಭವಿಗಳದ್ದೂ ಶೇ 82ರಿಂದ 45ರ ಆಸುಪಾಸಿಗೆ ಇಳಿಯಿತು. ಅಂದರೆ ನಮ್ಮ ಚಿಗವ್ವನಂತೆ ಡಾಕ್ಟರೂ ಯಂತ್ರವನ್ನು ನಂಬಿಬಿಡಬಲ್ಲರು.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳಿಗೊಂದು ಪಾಠವಿದೆ. ಸಾವಿರ ಮಂದಿಯಲ್ಲಿ ಐವರಿಗೆ ಕ್ಯಾನ್ಸರ್ ಇದೆ ಎನ್ನಿ. ಎಲ್ಲರಿಗೂ ‘ಏನಿಲ್ಲ’ ಎನ್ನುವ ಪ್ರೋಗ್ರಾಂ ಕೂಡ ಶೇ 99.5 ನಿಖರ! ಆದರೆ ಆ ಐವರನ್ನೂ ಅದು ಕೈಬಿಟ್ಟಿರುತ್ತದೆ. ಪ್ರಾಜೆಕ್ಟ್ ವರದಿಯಲ್ಲಿ ಶೇಕಡಾವಾರು ನೋಡಿ ಖುಷಿಪಡುವ ಮೊದಲು, ತಪ್ಪಿಹೋದವರೆಷ್ಟು ಎಂದು ಕೇಳಬೇಕು.

ಬಾದಾಮಿ, ಹುನಗುಂದದ ಹಳ್ಳಿಗಳಿಗೆ ದುಬಾರಿ ಯಂತ್ರ ಬರುವವರೆಗೆ ಕಾಯಬೇಕೇ? ಬೇಕಿಲ್ಲ. ಮುಂಬೈನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಿಂದ ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ ನಡೆಸಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದಲೇ ತಪಾಸಣೆ ಮಾಡಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಶೇ 30ರಷ್ಟು ಕಡಿಮೆಯಾಯಿತು. 50ರೊಳಗಿನವರಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಯಂತ್ರ ಬೇಡವೆಂದಲ್ಲ. ಯಂತ್ರ ನೋಡಲಿ, ಡಾಕ್ಟರು ತಾವೂ ನೋಡಲಿ. ಗೆಳೆಯರೇ, ಇಂದು ಮನೆಗೆ ಹೋದಾಗ ಅವ್ವನಿಗೆ, ಅಕ್ಕನಿಗೆ ಇಷ್ಟಾದರೂ ಹೇಳಿ: ಗಂಟು ಕೈಗೆ ಸಿಕ್ಕರೆ ಮುಚ್ಚಿಡಬೇಡಿ, ವರದಿ ‘ಏನಿಲ್ಲ’ ಎಂದರೂ ಡಾಕ್ಟರನ್ನು ಇನ್ನೊಮ್ಮೆ ಕೇಳಿ.