ಬೇಸ್ ಗಿಟಾರಿನ ಮೌನವ್ರತ

ಆಫೀಸಿನ ರಾಜ್ಯೋತ್ಸವಕ್ಕೆ ಇನ್ನು ಒಂಬತ್ತೇ ದಿನ. ಶನಿವಾರ ಸಂಜೆ ಪ್ರಾಕ್ಟೀಸ್ ನಡೀತಿತ್ತು. ಎರಡನೇ ಹಾಡಿನ ಪಲ್ಲವಿ ಮುಗಿದು ಚರಣಕ್ಕೆ ಬರುವ ಹೊತ್ತಿಗೆ ನನ್ನ ಬೇಸ್ ಗಿಟಾರ್ 'ಕರಕರ' ಅಂತು, ಆಮೇಲೆ ಪೂರ್ತಿ ಸುಮ್ಮನಾಯಿತು. ಕೇಬಲ್ ಒಂಚೂರು ಅಲ್ಲಾಡಿಸಿದೆ, ದನಿ ಬಂತು. ಕೈ ಬಿಟ್ಟೆ, ಹೋಯಿತು. ಕೊನೆಗೆ ಕೇಬಲ್ಲನ್ನು ಸೊಂಟಕ್ಕೆ ಒತ್ತಿ ಹಿಡಿದು, ಲೈಟು ಕಂಬದ ಹಾಗೆ ಒಂದೇ ಕಡೆ ನಿಂತು ನುಡಿಸಿದೆ.

"ಸರಿ ಹೋಗ್ಲಿಲ್ಲ ಅಂದ್ರೆ ಬೇಸ್ ಲೈನ್ ಕೀಬೋರ್ಡಲ್ಲೇ ನುಡಿಸ್ಬಿಡ್ತೀನಿ, ಟೆನ್ಷನ್ ಮಾಡ್ಕೋಬೇಡ" ಅಂದ ನಮ್ಮ ಕೀಬೋರ್ಡಿನವನು. ಒಳ್ಳೆಯ ಮನಸ್ಸಿಂದಲೇ ಅಂದಿದ್ದು. ಆದ್ರೂ ಚುಚ್ಚಿತು. ಬೇಸ್ ನುಡಿಸೋರ ಪಾಡೇ ಇಷ್ಟು. ನಾವು ಇದ್ದಾಗ ಯಾರಿಗೂ ಕೇಳಿಸಲ್ಲ, ಇಲ್ಲದಿದ್ದರೂ ಹೇಗೋ ನಡೆಯುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತೆ.

ರಿಪೇರಿಯವರನ್ನು ಕೇಳಿದೆ. ಗಿಟಾರ್ ನೋಡುವ ಮೊದಲೇ, ಒಳಗಿನ ವೈರಿಂಗ್ ಪೂರ್ತಿ ಬದಲಾಯಿಸಬೇಕು, ಎರಡು ವಾರ ಬೇಕು ಅಂದರು. ಎರಡು ವಾರ ನನ್ನ ಹತ್ತಿರ ಎಲ್ಲಿತ್ತು?

ಆಫೀಸಲ್ಲಿ ಬಗ್ ಬಂದರೆ ನಾವೇನು ಮಾಡ್ತೀವಿ? ಇಡೀ ಪ್ರಾಜೆಕ್ಟ್ ಹೊಸದಾಗಿ ಬರೆಯಲ್ಲ, ಒಂದೊಂದೇ ಭಾಗ ಪರೀಕ್ಷೆ ಮಾಡಿ ತಪ್ಪು ಎಲ್ಲಿದೆ ಅಂತ ಹುಡುಕ್ತೀವಿ. ಇಲ್ಲೂ ಅದನ್ನೇ ಮಾಡಿದೆ. ಮೊದಲು ಬೇರೆ ಕೇಬಲ್ ಹಾಕಿದೆ, ಅದೇ ಕಥೆ. ಅದೇ ಕೇಬಲ್ಲನ್ನು ಗೆಳತಿಯ ಗಿಟಾರಿಗೆ ಹಾಕಿದರೆ ಸರಿಯಾಗಿತ್ತು. ಅಂದರೆ ಕೇಬಲ್, ಆಂಪ್ಲಿಫೈಯರ್ ಎರಡರದ್ದೂ ತಪ್ಪಿಲ್ಲ. ವಾಲ್ಯೂಮ್ ನಾಬ್ ತಿರುಗಿಸಿದಾಗ ಸದ್ದು ಕೆರೆದಂತೆ ಬಂದರೆ ದೋಷ ನಾಬಿನದು. ನನ್ನದು ಹಾಗಿರಲಿಲ್ಲ. ಪ್ಲಗ್ ಅಲ್ಲಾಡಿದಾಗ ಮಾತ್ರ ದನಿ ಹೋಗಿ ಬರ್ತಿತ್ತು. ಉಳಿದದ್ದು ಒಂದೇ, ಕೇಬಲ್ ಸಿಕ್ಕಿಸುವ ಔಟ್‌ಪುಟ್ ಜ್ಯಾಕ್.

ಭಾನುವಾರ ಬೆಳಿಗ್ಗೆ ಗಿಟಾರನ್ನು ಟವೆಲ್ ಮೇಲೆ ಮಲಗಿಸಿ, ಪಕ್ಕದ ಪ್ಲೇಟಿನ ಎರಡು ಸ್ಕ್ರೂ ಬಿಚ್ಚಿ ಜ್ಯಾಕನ್ನು ಹೊರಗೆಳೆದೆ. ಕಾರಣ ಕಣ್ಣೆದುರೇ ಇತ್ತು. ಜ್ಯಾಕನ್ನು ಹಿಡಿದಿಡುವ ನಟ್ ಯಾವತ್ತೋ ಸಡಿಲವಾಗಿದೆ. ಕೇಬಲ್ ಹಾಕಿ ತೆಗೆದಾಗೆಲ್ಲ ಜ್ಯಾಕ್ ಒಳಗೊಳಗೇ ಸುತ್ತಿದೆ, ಜೊತೆಗೆ ವೈರೂ ತಿರುಚಿಕೊಂಡಿದೆ. ಈಗ ಒಂದು ವೈರ್ ಒಂದೇ ಎಳೆಯಲ್ಲಿ ನೇತಾಡ್ತಿತ್ತು.

ಹಾಸನದಿಂದ ಬಂದಿದ್ದ ಅಮ್ಮ ಎದುರಿಗೆ ಕೂತು ಸೊಪ್ಪು ಬಿಡಿಸ್ತಿದ್ದಳು. ಈ ಗಿಟಾರ್ ಕಂಡರೆ ಅವಳಿಗೆ ಅಷ್ಟಕ್ಕಷ್ಟೇ. "ಇದರಲ್ಲಿ ನಿನ್ನ ಸದ್ದು ಯಾವುದು ಅಂತಾನೇ ಗೊತ್ತಾಗಲ್ಲ" ಅನ್ನೋದು ಅವಳ ಹಳೇ ದೂರು. ಅವತ್ತು ಮಾತ್ರ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಇದು ನಮ್ಮ ಬೋರ್ಡಿನ ಜ್ಯಾಕ್ ಅಲ್ವೇನೇ?"

ಅಮ್ಮ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಅವಳು ಹೇಳಿದ್ದು ಸರಿಯೇ. ಗಿಟಾರಿನ ಈ ಕಾಲಿಂಚಿನ ಪ್ಲಗ್ಗು, ಜ್ಯಾಕು ಸಂಗೀತಕ್ಕೆ ಅಂತ ಹುಟ್ಟಿದ್ದಲ್ಲ. 19ನೇ ಶತಮಾನದ ಕೊನೆಯಲ್ಲಿ ಟೆಲಿಫೋನ್ ಸ್ವಿಚ್‌ಬೋರ್ಡುಗಳಿಗೆ ಮಾಡಿದ್ದು. ಇವತ್ತಿಗೂ ಇದರ ಇಂಗ್ಲಿಷ್ ಹೆಸರು 'ಫೋನ್ ಪ್ಲಗ್' ಅಂತಲೇ.

"ದಿನವಿಡೀ ಹಾಕಿ ತೆಗೆದು ಹಾಕಿ ತೆಗೆದು, ಆ ಸ್ಪ್ರಿಂಗು ಸೋತುಹೋಗ್ತಿತ್ತು. ಮೆಕ್ಯಾನಿಕ್ ಬಂದು ಒಳಕ್ಕೆ ಬಗ್ಗಿಸಿ ಕೊಡ್ತಿದ್ರು. ನಿಂದೂ ನೋಡು, ಪ್ಲಗ್ ತುದೀಲಿ ಸರಿಯಾಗಿ ಕೂರ್ತಿಲ್ಲ" ಅಂದಳು.

ನಿಜ. ವೈರ್ ಒಂದೇ ಅಲ್ಲ, ಸ್ಪ್ರಿಂಗೂ ಸಡಿಲವಾಗಿತ್ತು. ನಾನು ನೋಡೇ ಇರಲಿಲ್ಲ.

ಎಸ್‌ಪಿ ರೋಡಿನಲ್ಲಿ ಕೊಂಡು ಮೂಲೆಗೆಸೆದಿದ್ದ 25 ವ್ಯಾಟಿನ ಸೋಲ್ಡರಿಂಗ್ ಐರನ್ ಹೊರಗೆ ಬಂತು. ನೀವೂ ಮಾಡೋದಾದ್ರೆ ಕ್ರಮ ಹೀಗಿದೆ:

ಮೊದಲು ಜ್ಯಾಕಿನ ಫೋಟೊ ತೆಗೆದುಕೊಳ್ಳಿ. ಉದ್ದನೆಯ ಸ್ಪ್ರಿಂಗಿಗೆ ಸೇರಿದ ಕಡ್ಡಿಗೆ ಸಿಗ್ನಲ್ ವೈರ್, ನಡುವಿನ ಕೊಳವೆಗೆ ಸೇರಿದ ಕಡ್ಡಿಗೆ ಗ್ರೌಂಡ್ ವೈರ್. ಅದಲು ಬದಲಾದರೆ 'ಗುಂಯ್' ಅನ್ನುವ ಸದ್ದು ತಲೆ ತಿನ್ನುತ್ತೆ.

ಸ್ಪ್ರಿಂಗನ್ನು ಸ್ವಲ್ಪವೇ ಒಳಕ್ಕೆ ಬಗ್ಗಿಸಿ. ಜೋರು ಮಾಡಿದರೆ ಮುರಿಯುತ್ತೆ. ಪ್ಲಗ್ ಹಾಕಿದಾಗ 'ಟಕ್' ಅಂತ ಬಿಗಿಯಾಗಿ ಕೂತರೆ ಸಾಕು.

ಪ್ಲಗ್ ಹೊರಗೆ ತೆಗೆದು, ವೈರಿನ ತುದಿ ಬಿಡಿಸಿ, ಅದಕ್ಕೆ ಸೋಲ್ಡರ್ ಸವರಿ. ಆಮೇಲೆ ಐರನ್ನಿನಿಂದ ಕಡ್ಡಿಯನ್ನು ಬಿಸಿಮಾಡಿ, ಆ ಬಿಸಿಗೇ ಸೋಲ್ಡರ್ ಕರಗಿ ಹರಿಯಬೇಕು. ಆರುವವರೆಗೂ ವೈರ್ ಅಲ್ಲಾಡಿಸಬೇಡಿ.

ನಟ್ ಬಿಗಿಮಾಡುವಾಗ ಇನ್ನೊಂದು ಕೈಯಲ್ಲಿ ಜ್ಯಾಕನ್ನು ಗಟ್ಟಿಯಾಗಿ ಹಿಡಿಯಿರಿ. ಇಲ್ಲದಿದ್ದರೆ ಈಗ ಹಾಕಿದ ವೈರೇ ಮತ್ತೆ ತಿರುಚಿಕೊಳ್ಳುತ್ತೆ.

ಒಂದು ಎಚ್ಚರಿಕೆ. ನಿಮ್ಮ ಬೇಸಿನಲ್ಲಿ 9 ವೋಲ್ಟ್ ಬ್ಯಾಟರಿ ಇದ್ದರೆ ಜ್ಯಾಕಿಗೆ ಸಾಮಾನ್ಯವಾಗಿ ಮೂರನೇ ಕಡ್ಡಿ ಇರುತ್ತೆ. ಪ್ಲಗ್ ಹಾಕಿದಾಗ ಬ್ಯಾಟರಿ ಆನ್ ಆಗೋದು ಅದರಿಂದಲೇ. ಹೊಸ ಜ್ಯಾಕ್ ಕೊಳ್ಳುವಾಗ ಸ್ಟೀರಿಯೋ ಜ್ಯಾಕನ್ನೇ ಕೇಳಿ. ನುಡಿಸಿಯಾದ ಮೇಲೆ ಕೇಬಲ್ ತೆಗೆದಿಡಿ, ಇಲ್ಲದಿದ್ದರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತೆ.

ನಾನು ಸೋಲ್ಡರ್ ಮಾಡುವಾಗ ಅಮ್ಮ ಮೊಬೈಲ್ ಟಾರ್ಚ್ ಹಿಡಿದಿದ್ದಳು. ಕೈ ಒಂಚೂರೂ ನಡುಗಲಿಲ್ಲ. ನಾನೇ ಕೇಳಿದೆ, "ಆ ಕೆಲಸ ಇಷ್ಟ ಇತ್ತಾ ನಿಂಗೆ?"

"ತುಂಬಾ. ಲೈನ್ ಸಿಕ್ಕಿ ಅವರು ಮಾತಾಡೋಕೆ ಶುರು ಮಾಡಿದ್ರೆ, ಮಧ್ಯೆ ನಾವಿದೀವಿ ಅಂತಾನೇ ಮರೀಬೇಕು. ಅದೇ ಒಳ್ಳೇ ಕೆಲಸ. ಎಸ್‌ಟಿಡಿ ಬಂತು, ನಮ್ಮನ್ನ ಬಿಲ್ ಕೌಂಟರಿಗೆ ಹಾಕಿದ್ರು." ಸ್ವಲ್ಪ ಹೊತ್ತು ಬಿಟ್ಟು, "ನಾವು ಹೋಗಿದ್ದು ಯಾರಿಗೂ ಗೊತ್ತಾಗ್ಲಿಲ್ಲ ಬಿಡು" ಅಂದಳು.

ಮೂವತ್ತು ವರ್ಷದಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು. ಕೇಳಿದ್ದೂ ಒಂದು ನಟ್ ಸಡಿಲವಾಗಿದ್ದಕ್ಕೆ.

ರಾಜ್ಯೋತ್ಸವದ ದಿನ ಬೇಸ್ ಕೈಕೊಡಲಿಲ್ಲ. ಅಷ್ಟರಲ್ಲಿ ಅಮ್ಮ ಊರಿಗೆ ಹೋಗಿದ್ದಳು, ವಿಡಿಯೋ ಕಳಿಸಿದೆ. ಕಳಿಸಿದ ಮೇಲೆ ನೆನಪಾಯಿತು, ಫೋನಿನ ಪುಟ್ಟ ಸ್ಪೀಕರಿನಲ್ಲಿ ಬೇಸ್ ದನಿ ಕೇಳಿಸೋದೇ ಕಷ್ಟ. ಮತ್ತದೇ ದೂರು ಬರುತ್ತೆ ಅಂದುಕೊಂಡೆ.

ಅರ್ಧ ಗಂಟೆಗೆ ಫೋನ್ ಬಂತು. "ಸ್ಪೀಕರಲ್ಲಿ ಸಿಗ್ಲಿಲ್ಲ ಕಣೇ. ನಿಮ್ಮಪ್ಪನ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ಕೆಳಗಡೆ ದುಮ್ ದುಮ್ ಅಂತ ನಡೀತಾ ಇರುತ್ತಲ್ಲ, ಅದು ತಾನೇ ನೀನು?"

ಹೌದಮ್ಮ, ಅದೇ ನಾನು.