ಮೂಳೆ ಸವೆತಕ್ಕೊಂದು ಕೆಂಪು ಬೇರು
ತುಳಸಿಯ ಕುಟುಂಬಕ್ಕೇ ಸೇರಿದ ಡಾನ್‌ಶೆನ್ ಗಿಡದ ಕೆಂಪು ಬೇರನ್ನು ಚೀನಾದ ವೈದ್ಯರು ರಕ್ತಸಂಚಾರ ಸರಾಗವಾಗಲೆಂದು ಶತಮಾನಗಳಿಂದ ಕುದಿಸಿ ಕೊಡುತ್ತ ಬಂದಿದ್ದಾರೆ. ಅದೇ ಬೇರಿನ ಒಂದು ಸಂಯುಕ್ತ ಮೂಳೆ ಸವೆತವನ್ನು ತಡೆಯಬಲ್ಲದೆಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಇಲಿಗಳಲ್ಲಿ ತೋರಿಸಿತು. ಮೂಳೆಯ ಕೊಲಾಜನ್ ಕತ್ತರಿಸುವುದು ಕ್ಯಾಥೆಪ್ಸಿನ್ ಕೆ ಎಂಬ ಕಿಣ್ವ. ಅದನ್ನು ಪೂರ್ತಿ ಕಟ್ಟಿಹಾಕುತ್ತಿದ್ದ ಒಡನಾಕಟಿಬ್ ಔಷಧ ಮೂಳೆ ಮುರಿತವನ್ನೇನೋ ತಗ್ಗಿಸಿತು. ಆದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿದ್ದರಿಂದ 2016ರಲ್ಲಿ ಅದನ್ನು ಕೈಬಿಡಬೇಕಾಯಿತು. ಈ ಬೇರಿನ ಅಣುವಾದರೋ ಕಿಣ್ವದ ಮಿಕ್ಕ ಕೆಲಸಗಳಿಗೆ ಅಡ್ಡಬರದೆ ಕೊಲಾಜನ್ ಕತ್ತರಿಸುವುದನ್ನಷ್ಟೇ ತಡೆಯುತ್ತದೆ. ನನಗೆ ಭರವಸೆ ಹುಟ್ಟಿಸಿದ್ದು ಈ ಸೂಕ್ಷ್ಮವೇ. ಮುಟ್ಟು ನಿಂತ ಮೇಲೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಳ್ಳುವ ತಾಯಂದಿರಿಗೆ ಇಂಥ ಮದ್ದು ಬೇಕೇಬೇಕು. ಹಾಗೆಂದು ಬೇರಿನ ಪುಡಿ ತರಿಸಿ ನುಂಗಬೇಡಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ರಕ್ತಸ್ರಾವ ತರಬಲ್ಲದು.