ಗ್ಯಾಸ್ಕೆಟ್ ಒಂದನ್ನೇ ಬದಲಿಸಿದರೆ ಸಾಲದು

ಕಳೆದ ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತನೆಗೆ ಹದ ಬಂದ ವಾರವೇ ನಮ್ಮ ಹಳೇ ಟ್ರ್ಯಾಕ್ಟರ್ ಕೈಕೊಟ್ಟಿತು. ರೇಡಿಯೇಟರ್‌ನಲ್ಲಿ ನೀರು ನಿಲ್ಲುತ್ತಿರಲಿಲ್ಲ, ಸೈಲೆನ್ಸರ್‌ನಿಂದ ಬಿಳಿ ಹೊಗೆ, ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಹಾಲು ಹಾಕಿದ ಚಹಾದ ಹಾಗೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಹೊಸದು ಹಾಕಿಸಿ ಮರುದಿನವೇ ಹೊಲಕ್ಕಿಳಿಸಿದೆವು. ಹತ್ತೇ ದಿನಕ್ಕೆ ಮತ್ತದೇ ಕಥೆ. ಬಾಡಿಗೆ ಟ್ರ್ಯಾಕ್ಟರ್ ಸರದಿ ಬರೋಷ್ಟರಲ್ಲಿ ಹದ ಆರಿಹೋಗಿತ್ತು.

ಮೆಕ್ಯಾನಿಕ್‌ನನ್ನು ಬೈಯಲಾರೆ. "ಹೆಡ್ ಒಂದ್ಸಲ ಚೆಕ್ ಮಾಡಿಸೋಣ" ಅಂದಿದ್ದ; ಬೇಡ ಅಂದವನು ನಾನೇ.

ಗ್ಯಾಸ್ಕೆಟ್ ಸುಮ್ಮನೆ ಸುಡೋದಿಲ್ಲ. ನಮ್ಮ ರೇಡಿಯೇಟರ್ ಜಾಲರಿ ತುಂಬ ಹೊಟ್ಟು, ಧೂಳು. ಫ್ಯಾನ್ ಬೆಲ್ಟ್ ಸಡಿಲ. ಒಳಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿತ್ತು. ಎಂಜಿನ್ ಕಾದು ಕಾದು ಹೆಡ್ ಸೊಟ್ಟಗಾಗಿತ್ತು. ಸೊಟ್ಟ ಹೆಡ್ ಕೆಳಗೆ ಎಷ್ಟು ಒಳ್ಳೇ ಗ್ಯಾಸ್ಕೆಟ್ ಇಟ್ಟರೂ ನಿಲ್ಲದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಹೆಡ್ ಬಿಚ್ಚಿದ ಮೇಲೆ ಅಳತೆ ನೋಡದೆ ಮುಚ್ಚಬೇಡಿ. ಹೆಡ್, ಬ್ಲಾಕ್ ಎರಡನ್ನೂ ಸ್ವಚ್ಛ ಮಾಡಿ, ನೇರ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. ಸಂದು ಮ್ಯಾನುಯಲ್‌ನ ಮಿತಿ ಮೀರಿದ್ದರೆ ಫೇಸಿಂಗ್ ಮಾಡಿಸಿ. ಬಿರುಕು ಇದೆಯಾ ಅಂತಲೂ ಪರೀಕ್ಷೆ ಮಾಡಿಸಿ. ಬೋಲ್ಟ್ ತೂತಿನಲ್ಲಿ ಆಯಿಲ್, ನೀರು ಉಳಿಯಬಾರದು. ಉಳಿದರೆ ಬಿಗಿತ ಸರಿಯಾಗಿ ಬರಲ್ಲ, ಬ್ಲಾಕ್ ಬಿರಿಯಲೂಬಹುದು.

ಬೋಲ್ಟ್‌ಗಳನ್ನು ಕೈ ಅಂದಾಜಿನಲ್ಲಿ ಬಿಗಿಯಬೇಡಿ. ಟಾರ್ಕ್ ರೆಂಚ್ ಹಿಡಿದು, ಮ್ಯಾನುಯಲ್ ಹೇಳಿದ ಕ್ರಮದಲ್ಲಿ ಬಿಗಿಯಿರಿ. ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ. ಕೆಲವು ಗ್ಯಾಸ್ಕೆಟ್‌ಗೆ ಎಂಜಿನ್ ಓಡಿಸಿದ ಮೇಲೆ ಮತ್ತೆ ಬಿಗಿಯಬೇಕು, ಕೆಲವಕ್ಕೆ ಬೇಡ. ಟ್ಯಾಪೆಟ್ ಸಂದು ಹೊಂದಿಸಿ. ನೀರು ಸೇರಿದ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಬೇರಿಂಗ್ ಹೋಗುತ್ತೆ.

ಮೊಬೈಲ್ ಇಲ್ಲಿ ಒಳ್ಳೇ ಗೆಳೆಯ. ಬಿಚ್ಚುವಾಗ ಪ್ರತಿ ಹಂತದ ಫೋಟೋ ತೆಗೆಯಿರಿ, ಪುಶ್ ರಾಡ್‌ಗಳನ್ನು ಸಾಲಾಗಿ ಜೋಡಿಸಿಡಿ. ಆದರೆ ಬೇರೆ ಮಾಡೆಲ್‌ನ ವಿಡಿಯೋದಲ್ಲಿ ಹೇಳಿದ ಟಾರ್ಕ್ ಲೆಕ್ಕ ನಿಮ್ಮ ಎಂಜಿನ್‌ಗೆ ಹಾಕಬೇಡಿ.

"ಸೀಸನ್‌ನಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ?" ಅಂತೀರಿ. ನಾನೂ ಅದನ್ನೇ ಅಂದಿದ್ದೆ. ಫೇಸಿಂಗ್‌ಗೆ ಕೊಡದ ಒಂದು ದಿನಕ್ಕೆ ಇಡೀ ಬಿತ್ತನೆಯ ಹದ ತೆತ್ತೆ. ಈ ಸಲ ಮಳೆಗೆ ಮುಂಚೆಯೇ ರೇಡಿಯೇಟರ್ ತೊಳೆದು, ಕೂಲೆಂಟ್ ತುಂಬಿಸಿದ್ದೇನೆ. ನೀವೂ ಇವತ್ತು ಸಂಜೆ, ಎಂಜಿನ್ ತಣ್ಣಗಾದ ಮೇಲೆ, ನಿಮ್ಮ ಟ್ರ್ಯಾಕ್ಟರ್‌ನ ಬಾನೆಟ್ ಎತ್ತಿ ಒಮ್ಮೆ ನೋಡಿ.